ಇಸ್ತ್ರಿಯಮ್ಮನ ನೆನಪು ಮರಳಿದ್ದು

ಇಸ್ತ್ರಿಯಮ್ಮನ ಸೊಸೆಯ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಲಾಂಡ್ರಿಯ ಕೌಂಟರಿನ ಹಿಂದೆ ನಿಂತು ಗಿರಾಕಿಯೊಬ್ಬರಿಗೆ, "ಇವಳು ನಮ್ಮ ಮೂಗಿ. ಕೇಳಿದ್ದಕ್ಕೆ ಉತ್ತರ ಬರಲ್ಲ, ಕೆಲಸಕ್ಕೇನೋ ಪರವಾಗಿಲ್ಲ" ಎಂದು ಪರಿಚಯ ಮಾಡಿಕೊಟ್ಟಳು. ಗಿರಾಕಿ ನಕ್ಕರು, ಪಕ್ಕದಲ್ಲಿದ್ದ ಗಂಡನೂ ನಕ್ಕ. ಅಂದಿನಿಂದ ಅವಳು ಮೂಗಿಯೇ ಆದಳು. ಮಾತು ಬಾರದವಳೇನಲ್ಲ. ಆದರೆ ಆ ಮನೆಯಲ್ಲಿ ಮಾತೆಲ್ಲ ಅತ್ತೆಯ ಪಾಲಿಗೇ ಮುಗಿದುಹೋಗುತ್ತಿತ್ತು.

ಅತ್ತೆಯನ್ನು ಬೀದಿಯವರು ಇಸ್ತ್ರಿಯಮ್ಮ ಅನ್ನುತ್ತಿದ್ದರು. ಗಂಡ ಸತ್ತ ಮೇಲೆ ಒಂದು ಇಸ್ತ್ರಿಪೆಟ್ಟಿಗೆ, ಒಂದು ಮೇಜು ಇಟ್ಟುಕೊಂಡು ಶುರುಮಾಡಿ, ಬಾಯ್ಲರ್, ಹಬೆಯ ಪ್ರೆಸ್ಸು, ಹೋಟೆಲುಗಳ ಹೊದಿಕೆ ತರುವ ವ್ಯಾನಿನ ತನಕ ಬೆಳೆಸಿದ ಹೆಂಗಸು. ದುಡಿಮೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ನಾಲಿಗೆಯಲ್ಲಂತೂ ಇರಲೇ ಇಲ್ಲ. ಹೆಸರು ಬಂದದ್ದು ಇಸ್ತ್ರಿ ಮಾಡುತ್ತಿದ್ದುದಕ್ಕೋ, ಮಾತು ತಾಗಿದಲ್ಲಿ ಸುಡುತ್ತಿದ್ದುದಕ್ಕೋ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು, ಅವಳಿಲ್ಲದಾಗ.

ಮೂಗಿ ಐದು ತಿಂಗಳ ಬಸುರಿಯಾಗಿದ್ದಾಗ ದೊಡ್ಡ ಹೋಟೆಲೊಂದರ ಹೊದಿಕೆಗಳು ರಾಶಿ ಬಿದ್ದಿದ್ದವು. ಹಬೆಯ ಪ್ರೆಸ್ಸಿನ ಮುಂದೆ ನಿಂತವಳಿಗೆ ಕಿಬ್ಬೊಟ್ಟೆಯಲ್ಲಿ ಸೆಳೆತ ಬಂತು. "ಅತ್ತೆ, ಸ್ವಲ್ಪ ಕೂತ್ಕೋತೀನಿ" ಎಂದಳು. "ಬಸುರಿ ಆಗೋದು ಕಾಯಿಲೆಯಲ್ಲ. ನಾನು ನಿನ್ನ ಗಂಡನ್ನ ಹೆರೋ ಹಿಂದಿನ ದಿನದವರೆಗೂ ನಿಂತೇ ಕೆಲಸ ಮಾಡಿದ್ದೆ. ಮುಗಿಸು" ಎಂದಳು ಇಸ್ತ್ರಿಯಮ್ಮ. ಮೂಗಿ ಮುಗಿಸಿದಳು. ಸಂಜೆಗೆ ಮಗು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿದ್ದನ್ನು ಯಾರೂ ಕಾಯಿಲೆ ಎಂದು ಕರೆಯಲಿಲ್ಲ, ಕಳ್ಳಾಟ ಎಂದರು. ಮತ್ತೆ ಮಕ್ಕಳಾಗಲಿಲ್ಲ. ಅತ್ತೆಗೆ ಇನ್ನೊಂದು ಆಯುಧ ಸಿಕ್ಕಿತು. ಕಲೆ ಹೋಗದ ಅಂಗಿಯೊಂದು ಕೈಗೆ ಬಂದರೆ ಸಾಕು, "ನಿನ್ನ ಹೊಟ್ಟೆ ಥರ ಇದು. ಏನು ಹಾಕಿದ್ರೂ ಪ್ರಯೋಜನ ಇಲ್ಲ" ಅನ್ನುವಳು. ಗಂಡ ಒಳ್ಳೆಯವನೇ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಅಮ್ಮ ಮಾತಾಡಲು ಶುರುಮಾಡಿದರೆ ವ್ಯಾನಿನ ಕೀಲಿ ತೆಗೆದುಕೊಂಡು ಹೋಗಿಬಿಡುತ್ತಿದ್ದ, ಅಷ್ಟೆ.

ಹೀಗೆ ವರ್ಷಗಳು ಉರುಳಿದವು. ಇಸ್ತ್ರಿಯಮ್ಮನಿಗೆ ಎಪ್ಪತ್ತರ ಹತ್ತಿರ ಬಂತು. ಮೊದಲು ಕೆಟ್ಟದ್ದು ಕಾಲು. ನೆಲಕ್ಕೆ ಅಂಟು ಬಳಿದಂತೆ ಪಾದ ಎತ್ತಲಾರದೆ ತಡವರಿಸಿ ನಡೆಯತೊಡಗಿದಳು. ಆಮೇಲೆ ಬಟ್ಟೆಯಲ್ಲೇ ಉಚ್ಚೆ ಹೋಗತೊಡಗಿತು. ಆಮೇಲೆ ಮರೆವು. ಒಬ್ಬರ ಕೋಟನ್ನು ಇನ್ನೊಬ್ಬರಿಗೆ ಕೊಟ್ಟಳು, ಬಾಯ್ಲರ್ ಉರಿಸಿ ನೀರು ಬಿಡುವುದನ್ನು ಮರೆತಳು. ಮಗ ಅವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಮಂಡಿ ಸವೆದಿದೆ ಎಂದರು. ಇನ್ನೊಬ್ಬರು ಮೂತ್ರಕೋಶ ಸಡಿಲವಾಗಿದೆ ಎಂದರು. ಮೂರನೆಯವರು, "ವಯಸ್ಸಾಯ್ತಲ್ಲ, ಅರಳುಮರಳು" ಎಂದು ನಿದ್ದೆ ಮಾತ್ರೆ ಬರೆದರು. ನಾಲ್ಕನೆಯವರು ಅದೇ ಮಾತ್ರೆಯನ್ನು ಬೇರೆ ಹೆಸರಿನಲ್ಲಿ ಬರೆದರು. ಒಬ್ಬರು ಏನು ಕೊಟ್ಟಿದ್ದಾರೆಂದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎರಡೂ ಸೇರಿ ಮುದುಕಿ ಹಗಲೆಲ್ಲ ಜೊಲ್ಲು ಸುರಿಸುತ್ತ ಮಲಗಿದಳು. ಎದ್ದಾಗ ಮೆಟ್ಟಿಲಿಂದ ಉರುಳಿ ಮುಂದಿನ ಹಲ್ಲು ಮುರಿದುಕೊಂಡಳು. ಮಾತ್ರೆ ಬಿಡಿಸಿದ ಮೇಲೂ ಕಾಲು, ಉಚ್ಚೆ, ಮರೆವು ಮೂರೂ ಹಾಗೇ ಉಳಿದವು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ದೂರದ ಊರಿಗೆ ಮದುವೆಯಾಗಿ ಹೋಗಿದ್ದ ನಾದಿನಿ ಫೋನಿನಲ್ಲಿ ಹೇಳಿ ನಕ್ಕಳು. ತಾನು ಮಾತ್ರ ಬರಲಿಲ್ಲ.

ಮೂಗಿಯ ಕಾಲ ಬಂದದ್ದು ನಿಜ. ಅವಳು ಅದನ್ನು ಬಳಸಿಕೊಂಡದ್ದೂ ನಿಜ. ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸುತ್ತಿರಲಿಲ್ಲ. ನಿಧಾನವಾಗಿ ಕೈ ತೊಳೆದು, ಕೌಂಟರಿನ ಕೆಲಸ ಮುಗಿಸಿ ಬರುತ್ತಿದ್ದಳು. ಗಂಜಿಯನ್ನು ಆರಿ ಕೆನೆಗಟ್ಟುವ ತನಕ ಬಿಡುತ್ತಿದ್ದಳು. ಮುದುಕಿ ಬಾಯ್ಲರ್ ಕಡೆ ತಡವರಿಸಿ ಬರುವುದು ಹೆಚ್ಚಾದಾಗ ಹೋಟೆಲಿನ ಹಳೆಯ ಹೊದಿಕೆಯೊಂದನ್ನು ಉದ್ದಕ್ಕೆ ಮಡಚಿ ಅವಳ ಸೊಂಟಕ್ಕೆ ಸುತ್ತಿ ಮಂಚಕ್ಕೆ ಕಟ್ಟಿದಳು. ಕಟ್ಟುವುದು ಬೇಕಿತ್ತು. ಅಷ್ಟು ಬಿಗಿಯಾಗಿ ಕಟ್ಟುವುದು ಬೇಕಿರಲಿಲ್ಲ.

ಹಾಗೆ ಕಟ್ಟುತ್ತಿದ್ದ ಒಂದು ಬೆಳಿಗ್ಗೆ ಇಸ್ತ್ರಿಯಮ್ಮ ಅವಳ ಮಣಿಕಟ್ಟು ಹಿಡಿದುಕೊಂಡು ಮುಖ ನೋಡಿದಳು.

"ಅಮ್ಮ, ನೋಯ್ತದೆ" ಎಂದಳು.

ಮೂಗಿ ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ನಾನು ಮೂಗಿ" ಎಂದಳು.

"ಇಲ್ಲ. ನೀನು ಅಮ್ಮ" ಎಂದಳು ಮುದುಕಿ. "ನಾನು ಇನ್ನು ಹಠ ಮಾಡಲ್ಲ."

ಮೂಗಿ ಗಂಟು ಬಿಚ್ಚಿದಳು. ಮತ್ತೆ ಕಟ್ಟಲಿಲ್ಲ. ಮಂಚವನ್ನೇ ಮಹಡಿಯಿಂದ ಕೆಳಗಿಳಿಸಿ ಪ್ರೆಸ್ಸಿನ ಕೋಣೆಯ ಮೂಲೆಗೆ ಹಾಕಿಸಿದಳು, ಕಣ್ಣಿಗೆ ಕಾಣುವಂತೆ. ಇಸ್ತ್ರಿಯಮ್ಮ ಅಲ್ಲಿ ಕೂತು ಕರವಸ್ತ್ರಗಳನ್ನು ಮಡಚುವಳು, ಬಿಚ್ಚುವಳು, ಮತ್ತೆ ಮಡಚುವಳು. "ಚೆನ್ನಾಗಿದೆಯಾ ಅಮ್ಮ?" ಎಂದು ಕೇಳುವಳು. ಮೂಗಿ ಚೆನ್ನಾಗಿದೆ ಅನ್ನುವಳು. ಊಟ ತಿನ್ನಿಸಿದರೆ ಸೊಸೆಯ ಬಾಯಿಗೂ ಒಂದು ತುತ್ತು ಹಿಡಿಯುವಳು. ತಲೆ ಬಾಚಿದರೆ ಕಣ್ಣು ಮುಚ್ಚಿಕೊಂಡು ಅವಳ ಹೊಟ್ಟೆಗೆ ಒರಗುವಳು. ಆ ಹೊಟ್ಟೆಯ ಮೇಲೆ ಇನ್ನೊಂದು ಜೀವ ಹಾಗೆ ಭಾರ ಬಿಟ್ಟು ಒರಗಿದ್ದು ಅದೇ ಮೊದಲು. ಮೂಗಿ ಮಾತಾಡತೊಡಗಿದಳು. ಪ್ರೆಸ್ಸಿನ ಮುಂದೆ ನಿಂತು ತನ್ನ ತವರಿನ ಕತೆ, ಕನಸಿನ ಕತೆ, ಗಿರಾಕಿಗಳ ಚಾಡಿ ಎಲ್ಲ ಹೇಳುವಳು. ಮುದುಕಿ ಕೇಳುವಳು. ವ್ಯಾನು ನಿಲ್ಲಿಸಿ ಬಂದ ಗಂಡ ಬಾಗಿಲಲ್ಲೇ ನಿಂತು, "ನಿನಗೆ ಇಷ್ಟೊಂದು ಮಾತು ಬರುತ್ತಾ?" ಎಂದ. ಅವನು ಆಗೀಗ ಸಂಜೆ ಮನೆಯಲ್ಲೇ ಉಳಿಯತೊಡಗಿದ.

ಆ ಹೊತ್ತಿಗೇ ಊರಿಗೆ ಜಾಲ ಬಂತು. ಸುತ್ತಲಿನ ಸಣ್ಣ ಆಸ್ಪತ್ರೆಗಳನ್ನೆಲ್ಲ ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಬೆಸೆದು, ಮನಸ್ಸಿನ ಕಾಯಿಲೆ, ಮರೆವಿನ ಕಾಯಿಲೆಯವರನ್ನು ಎಲ್ಲ ಡಾಕ್ಟರರೂ ಕೂಡಿಯೇ ನೋಡುವ ಏರ್ಪಾಡು ಅದು. ಒಬ್ಬರು ಬರೆದ ಮಾತ್ರೆ ಇನ್ನೊಬ್ಬರಿಗೆ ಕಾಣುತ್ತಿತ್ತು. ವಾರಕ್ಕೊಮ್ಮೆ ಪರದೆಯ ಮೇಲೆ ಎಲ್ಲರೂ ಸೇರಿ ಕಷ್ಟದ ರೋಗಿಗಳ ಬಗ್ಗೆ ಮಾತಾಡುತ್ತಿದ್ದರು. ಮನೆಯವರಿಗೂ ಡಾಕ್ಟರಿಗೂ ನಡುವೆ ಓಡಾಡಲು ಒಬ್ಬ ಸಿಸ್ಟರ್ ಇದ್ದಳು. ದೊಡ್ಡ ಹೆಜ್ಜೆ, ದೊಡ್ಡ ದನಿ. "ಜಾಲದ ಸಿಸ್ಟರ್" ಅಂತಲೇ ಜನ ಕರೆಯುತ್ತಿದ್ದರು. "ಜಾಲ ಅಂದ್ರೆ ಹೆದರಬೇಡಿ, ಮೀನು ಹಿಡಿಯೋಕೆ ಬಂದಿಲ್ಲ" ಎಂದು ಅವಳೇ ನಗಿಸುತ್ತಿದ್ದಳು.

ಅತ್ತೆಯನ್ನು ಅಲ್ಲಿಗೆ ಕರೆದೊಯ್ದವಳು ಮೂಗಿಯೇ. ಯಾರೂ ಹೇಳಿರಲಿಲ್ಲ. ಈ ಕಾಯಿಲೆ ಕೊನೆಗೆ ನುಂಗುವುದನ್ನೂ ಮರೆಸುತ್ತದೆ ಎಂದು ಗಿರಾಕಿಯೊಬ್ಬರು ಹೇಳಿದ್ದು ಕೇಳಿ ಅವಳಿಗೆ ದಿಗಿಲಾಗಿತ್ತು. ಇದ್ದಷ್ಟು ದಿನ ಇವಳು ಹೀಗೇ ಉಳಿದರೆ ಸಾಕು ಎಂದುಕೊಂಡು ಹೋದಳು.

ಊರಿನ ಡಾಕ್ಟರ್ ಇಸ್ತ್ರಿಯಮ್ಮನನ್ನು ಕಾರಿಡಾರಿನಲ್ಲಿ ನಡೆಸಿ ಫೋನಿನಲ್ಲಿ ವಿಡಿಯೊ ಹಿಡಿದು ದೊಡ್ಡ ಆಸ್ಪತ್ರೆಯ ನರರೋಗದ ಡಾಕ್ಟರಿಗೆ ಕಳಿಸಿದರು. ಕಾಲು, ಉಚ್ಚೆ, ಮರೆವು ಮೂರನ್ನೂ ಒಬ್ಬರೇ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಸ್ಕ್ಯಾನ್ ಆಯಿತು. ಮುಂದಿನ ಭೇಟಿಯಲ್ಲಿ ಪರದೆಯ ಮೇಲಿನ ಡಾಕ್ಟರ್ ಹೇಳಿದರು:

"ಇದು ಎಲ್ಲರಿಗೂ ಬರೋ ಮರೆವಲ್ಲ. ತಲೆಯೊಳಗಿನ ನೀರು ಇಳಿದುಹೋಗದೆ ತುಂಬ್ಕೊಂಡು ಮಿದುಳನ್ನ ಒತ್ತುತ್ತಾ ಇದೆ. ಸಣ್ಣ ಕೊಳವೆ ಹಾಕಿ ಆ ನೀರನ್ನ ಹೊಟ್ಟೆ ಕಡೆ ಇಳಿಸಿದ್ರೆ ಇವರು ತುಂಬಾ ಮಟ್ಟಿಗೆ ಮೊದಲಿನ ಹಾಗೆ ಆಗಬಹುದು."

"ಮೊದಲಿನ ಹಾಗೆ ಅಂದ್ರೆ?" ಎಂದು ಮೂಗಿ ಕೇಳಿದಳು.

"ನಡೆಯೋದು, ನೆನಪು, ಎಲ್ಲಾ. ನಿಮ್ಮ ಅತ್ತೆ ನಿಮಗೆ ವಾಪಸ್ ಸಿಗ್ತಾರೆ."

ಜಾಲದ ಸಿಸ್ಟರ್ ಅವಳ ಬೆನ್ನು ತಟ್ಟಿದಳು. ಮೂಗಿಯ ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ಸಂತೋಷ ಎಂದುಕೊಂಡರು. ಅವಳ ಕೈ ಹಿಡಿದು ಕೂತಿದ್ದ ಇಸ್ತ್ರಿಯಮ್ಮ, "ಯಾಕೆ ಅಳ್ತೀಯ ಅಮ್ಮ, ಸೂಜಿ ನನಗೆ ತಾನೇ ಚುಚ್ಚೋದು" ಎಂದಳು. ಮಗ ಒಪ್ಪಿಗೆಗೆ ಸಹಿ ಹಾಕಿದ.

ಆಪರೇಷನ್ ಚೆನ್ನಾಗಿ ಆಯಿತು. ಹೊರಡುವಾಗ ಸಿಸ್ಟರ್ ಮೂಗಿಯನ್ನು ಕೂರಿಸಿಕೊಂಡು ಹೇಳಿದಳು: "ಕೊಳವೆ ಕಟ್ಟಿಕೊಳ್ಳೋದು ಉಂಟು. ಪಾದ ಮತ್ತೆ ನೆಲಕ್ಕೆ ಅಂಟಿದ ಹಾಗೆ ಕಂಡ್ರೆ ಅವತ್ತೇ ನನಗೆ ಫೋನ್ ಮಾಡಿ. ತಡ ಆದ್ರೆ ಕಳೆದದ್ದು ವಾಪಸ್ ಬರಲ್ಲ."

ಮೊದಲು ಕಾಲು ಬಂತು. ಆಮೇಲೆ ಬಟ್ಟೆ ಒಣಗಿತು. ಮನಸ್ಸು ಕಡೆಗೆ ಬಂತು. ಇಸ್ತ್ರಿಯಮ್ಮ ದಿನದಿಂದ ದಿನಕ್ಕೆ ಕಡಿಮೆ ಕರವಸ್ತ್ರ ಮಡಚಿದಳು, ಸೊಸೆಯ ಮುಖವನ್ನು ಹುಬ್ಬು ಗಂಟಿಕ್ಕಿ ಹೆಚ್ಚು ಹೊತ್ತು ನೋಡತೊಡಗಿದಳು. ಒಂದು ದಿನ ಎದ್ದು ಕೌಂಟರಿಗೆ ಬಂದು, ಸೊಸೆ ಇಸ್ತ್ರಿ ಮಾಡಿಟ್ಟ ಅಂಗಿಯೊಂದನ್ನು ಬೆಳಕಿಗೆ ಹಿಡಿದಳು.

"ಕಾಲರ್ ಒತ್ತೋದು ಹೀಗಾ? ನಾನು ಮಲಗಿದ್ದಾಗ ಅಂಗಡಿ ಮುಳುಗಿಸಿದ್ದೀಯ."

"ಕೂತ್ಕೊಳ್ಳಿ ಅತ್ತೆ, ತಲೆ ಬಾಚ್ತೀನಿ" ಎಂದು ಮೂಗಿ ಬಾಚಣಿಗೆ ತೆಗೆದುಕೊಂಡು ಹತ್ತಿರ ಹೋದಳು.

ಮುದುಕಿ ಅವಳ ಕೈಯನ್ನು ತಳ್ಳಿದಳು. "ಮುಟ್ಟಬೇಡ. ನನ್ನನ್ನ ಕಟ್ಟಿ ಹಾಕಿದವಳು ನೀನು. ನೆನಪಿಲ್ಲ ಅಂದ್ಕೊಂಡಿದ್ದೀಯಾ?"

ಅದು ನೆನಪಿತ್ತು. ಹೊದಿಕೆಯ ಗಂಟು, ಆರಿದ ಗಂಜಿ, ಒದ್ದೆ ಬಟ್ಟೆಯಲ್ಲಿ ಕಾದದ್ದು ಎಲ್ಲ ಚೂರುಚೂರಾಗಿ ನೆನಪಿತ್ತು. ಆಮೇಲಿನದು ಒಂದೂ ಇರಲಿಲ್ಲ. "ನೀವು ನನ್ನನ್ನ ಅಮ್ಮ ಅಂತ ಕರೀತಿದ್ರಿ" ಎಂದು ಮೂಗಿ ಒಮ್ಮೆ ಧೈರ್ಯ ಮಾಡಿ ಹೇಳಿದಳು. ಇಸ್ತ್ರಿಯಮ್ಮ ಆ ಮಾತನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕಳು. "ಕೇಳಿದ್ರಾ? ನಾನು ಇವಳನ್ನ ಅಮ್ಮ ಅಂತಿದ್ನಂತೆ. ಹೆರದೇ ಇದ್ದವಳಿಗೆ ಎಷ್ಟು ಆಸೆ ನೋಡಿ." ಮಗ ವ್ಯಾನಿನ ಕೀಲಿ ತೆಗೆದುಕೊಂಡು ಹೊರಗೆ ಹೋದ.

ಜಾಲ ಶುರುವಾಗಿ ವರ್ಷವಾದಾಗ ದೊಡ್ಡ ಆಸ್ಪತ್ರೆಯ ಸಭಾಂಗಣದಲ್ಲಿ ಡಾಕ್ಟರರ ಸಭೆ ಸೇರಿತು. ಬೇರೆ ಜಿಲ್ಲೆಗಳವರೂ ಬಂದಿದ್ದರು, ತಮ್ಮಲ್ಲೂ ಇಂಥದ್ದೇ ಜಾಲ ಕಟ್ಟಲು. ಗುಣವಾದವರಲ್ಲಿ ಒಬ್ಬರನ್ನು ವೇದಿಕೆಗೆ ಕರೆಯಬೇಕೆಂದು ಇಸ್ತ್ರಿಯಮ್ಮನನ್ನು ಆರಿಸಿದರು. ಅವಳು ನಡೆದು ಹೋದ ರೀತಿಗೇ ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಅವಳು ಹಿಂದೆ ತಡವರಿಸಿ ನಡೆಯುತ್ತಿದ್ದ ವಿಡಿಯೊ ತೋರಿಸಿದರು. ಅದರಲ್ಲಿ ಅವಳ ತೋಳು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ಮೂಗಿಯ ಅರ್ಧ ಮುಖ ಕಾಣುತ್ತಿತ್ತು.

"ನಿಮ್ಮನ್ನು ಯಾರು ನೋಡಿಕೊಂಡ್ರು, ಹೇಳಿ" ಎಂದು ಸಿಸ್ಟರ್ ಮೈಕು ಕೊಟ್ಟಳು. ಮೂಗಿಯನ್ನು ಎಬ್ಬಿಸಿ ನಿಲ್ಲಿಸಬೇಕೆಂದು ಅವಳ ಎಣಿಕೆ.

"ನನ್ನ ಮಗ" ಎಂದಳು ಇಸ್ತ್ರಿಯಮ್ಮ. "ಅವನೇ ಇಲ್ಲಿಗೆ ಕರ್ಕೊಂಡು ಬಂದಿದ್ದು. ಸೊಸೆ ಅಲ್ಲಿ ಕೂತಿದ್ದಾಳೆ ನೋಡಿ. ನನ್ನನ್ನ ನಾಯಿ ಥರ ಮಂಚಕ್ಕೆ ಕಟ್ಟಿದ್ಲು. ನಾನು ಬದುಕಿದ್ದು ಅವಳಿಗೆ ಇಷ್ಟ ಇಲ್ಲ."

ಎಲ್ಲರೂ ತಿರುಗಿ ನೋಡಿದರು. ಮೂಗಿ ಗಂಡನ ಕಡೆ ನೋಡಿದಳು. ಅವನು ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಕುರ್ಚಿಯ ಕೈಯನ್ನು ಉಗುರಿನಲ್ಲಿ ಕೆರೆಯುತ್ತ ಕೂತಿದ್ದ. ಯಾರೋ ಡಾಕ್ಟರ್, "ನೋಡಿ, ನೆನಪು ಎಷ್ಟು ಸ್ಪಷ್ಟವಾಗಿದೆ" ಎಂದು ಪಕ್ಕದವರಿಗೆ ಹೇಳಿದರು. ಆಮೇಲೆ ಸಿಸ್ಟರ್ ಬಂದು, "ಬೇಜಾರು ಮಾಡ್ಕೋಬೇಡಿ, ರೋಗಿಗಳು ಹಾಗೆ ಮಾತಾಡ್ತಾರೆ" ಎಂದಳು.

"ಅವರು ಈಗ ರೋಗಿ ಅಲ್ಲವಲ್ಲ ಸಿಸ್ಟರ್" ಎಂದಳು ಮೂಗಿ. ಸಿಸ್ಟರನ್ನು ಯಾರೋ ಕರೆದರು, ಅವಳು ಹೋದಳು.

ಅದಾದ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ಇಸ್ತ್ರಿಯಮ್ಮ ಕೌಂಟರಿನಿಂದ ಪ್ರೆಸ್ಸಿನ ಕೋಣೆಗೆ ಬರುವಾಗ ಹೊಸ್ತಿಲಲ್ಲಿ ತಡೆದು ನಿಂತಳು. ಪಾದ ಏಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ನೆಲ ಬೈದು, ಹೇಗೋ ದಾಟಿದಳು. ಮೂಗಿ ಹೋಟೆಲಿನ ಮೇಜುಬಟ್ಟೆಯ ಮೇಲೆ ಕೈಯಿಟ್ಟವಳು ಹಾಗೇ ನೋಡಿದಳು. ಅವಳಿಗೆ ಕೂಡಲೇ ಗೊತ್ತಾಯಿತು. ಸಿಸ್ಟರಿನ ನಂಬರು ಫೋನಿನಲ್ಲೇ ಇತ್ತು.

ನಾಳೆ ಮಾಡೋಣ ಎಂದುಕೊಂಡಳು.

ಮರುದಿನ ಇಸ್ತ್ರಿಯಮ್ಮ ಒಬ್ಬ ಗಿರಾಕಿಯ ಎದುರಿಗೆ ಅವಳಿಗೆ ಹಿಡಿಶಾಪ ಹಾಕಿದಳು. ಮೂಗಿ ಫೋನ್ ಮಾಡಲಿಲ್ಲ. ಮುಂದಿನ ವಾರ ಬೈಗುಳದ ಅರ್ಧಕ್ಕೆ ಮುದುಕಿಗೆ ಮಾತು ಮರೆತುಹೋಯಿತು. ಅವಳು ಬಾಯಿ ತೆರೆದು ನಿಂತಿದ್ದನ್ನು ಮೂಗಿ ಕಣ್ಣು ಮಿಟುಕಿಸದೆ ನೋಡಿದಳು. ಆಗಲೂ ಮಾಡಲಿಲ್ಲ. ತಿಂಗಳಿಗೊಮ್ಮೆ ಸಿಸ್ಟರೇ ಫೋನ್ ಮಾಡಿ ವಿಚಾರಿಸುವ ಪದ್ಧತಿಯಿತ್ತು.

"ನಡಿಗೆ ಹೇಗಿದೆ?"

"ಚೆನ್ನಾಗಿದೆ."

"ಉಚ್ಚೆ?"

"ಏನೂ ತೊಂದರೆ ಇಲ್ಲ."

"ನೀವು ನೋಡ್ಕೊಳ್ತಿರೋದ್ರಿಂದ ನನಗೆ ನೆಮ್ಮದಿ" ಎಂದಳು ಸಿಸ್ಟರ್.

ಫೋನಿಟ್ಟು ಮೂಗಿ ಅತ್ತೆಯ ಒದ್ದೆ ಬಟ್ಟೆ ಬದಲಿಸಿದಳು. ಈ ಸಲ ತಡ ಮಾಡಲಿಲ್ಲ. ಬೆಚ್ಚಗಿನ ನೀರಿನಲ್ಲಿ ಒರೆಸಿ, ಪುಡಿ ಹಾಕಿ, ಒಗೆದ ಬಟ್ಟೆ ಉಡಿಸಿದಳು. ಅಷ್ಟು ಅಕ್ಕರೆಯಿಂದ ಯಾರೂ ಯಾರನ್ನೂ ಹಾಳುಮಾಡಿರಲಿಕ್ಕಿಲ್ಲ. ಇಸ್ತ್ರಿಯಮ್ಮ ಮೊದಮೊದಲು ಕೈ ಬೀಸಿ ಹೊಡೆಯುತ್ತಿದ್ದಳು. ಆಮೇಲೆ ಹೊಡೆತ ಸುಸ್ತಾಯಿತು. ಆಮೇಲೆ ಒಂದು ದಿನ ಬಾಚಣಿಗೆ ಕಂಡು ತಾನಾಗಿ ತಲೆ ಒಡ್ಡಿದಳು. ಮೂಗಿ ಕಾದು ನಿಂತಿದ್ದ ಆ ಒಂದು ಮಾತು ಹೊರಬಿದ್ದಾಗ ಅವಳು ಪ್ರೆಸ್ಸಿನ ಹಬೆ ನಿಲ್ಲಿಸಿ, ಕೆಳಗೆ ಕೂತು, ಮುದುಕಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಸುಖಕ್ಕೆ ಅತ್ತಳೋ ಭಯಕ್ಕೋ ಅವಳಿಗೂ ತಿಳಿಯಲಿಲ್ಲ.

ಎರಡನೆಯ ವರ್ಷದ ತಪಾಸಣೆ ತಪ್ಪಿಸಲಾಗಲಿಲ್ಲ. ಗಾಲಿಕುರ್ಚಿಯಲ್ಲಿ ಬಂದ ಇಸ್ತ್ರಿಯಮ್ಮನನ್ನು ಕಂಡು ಸಿಸ್ಟರಿನ ದೊಡ್ಡ ದನಿ ಇಂಗಿಹೋಯಿತು.

"ಇದು ಯಾವಾಗಿನಿಂದ?"

"ಮೊನ್ನೆಯಿಂದ" ಎಂದಳು ಮೂಗಿ.

ಸ್ಕ್ಯಾನ್ ನೋಡಿದ ಡಾಕ್ಟರರಿಗೆ ಮೊನ್ನೆಯದಲ್ಲ ಎಂದು ಗೊತ್ತಾಯಿತು. ಕೊಳವೆ ಬದಲಿಸಿದರು. ಕಾಲು ಅರ್ಧಕ್ಕರ್ಧ ಬಂತು. ನೆನಪು ಹೆಚ್ಚೇನೂ ಬರಲಿಲ್ಲ. ಬಂದದ್ದೂ ಕೊಳೆತ ಹಗ್ಗದಂತೆ ಎಳೆದಲ್ಲಿ ತುಂಡಾಗುತ್ತಿತ್ತು. ಮೂಗಿಗೆ ತನ್ನ ಆಸೆಯೂ ಪೂರ್ತಿ ದಕ್ಕಲಿಲ್ಲ. ಮುದುಕಿ ಈಗ ಅಮ್ಮ ಅನ್ನುವುದು ಅವಳಿಗೊಬ್ಬಳಿಗೇ ಅಲ್ಲ. ಹಾಲಿನವಳಿಗೆ, ಪ್ರೆಸ್ಸಿಗೆ, ಖಾಲಿ ಗೋಡೆಗೆ ಎಲ್ಲಕ್ಕೂ ಅಮ್ಮ ಎಂದು ಕರೆಯುತ್ತಾಳೆ. ನಡುನಡುವೆ ಹಳೆಯ ಇಸ್ತ್ರಿಯಮ್ಮ ಎಲ್ಲಿಂದಲೋ ಎದ್ದು ಒಂದು ಬೈಗುಳ ಉಗುಳಿ ಮತ್ತೆ ಮುಳುಗುತ್ತಾಳೆ. ಯಾರನ್ನು ಬೈದದ್ದು ಎಂದು ಅವಳಿಗೂ ಗೊತ್ತಿರುವುದಿಲ್ಲ.

ಪರದೆಯ ಸಭೆಯಲ್ಲಿ ಈ ವಿಷಯ ಚರ್ಚೆಯಾಯಿತು. ಫೋನಿನಲ್ಲಿ ವಿಚಾರಿಸಿದರೆ ಸಾಲದು, ಕೊಳವೆ ಹಾಕಿದವರನ್ನೆಲ್ಲ ಸಿಸ್ಟರ್ ತಿಂಗಳಿಗೊಮ್ಮೆ ಮನೆಗೇ ಹೋಗಿ ನಡೆಸಿ ನೋಡಬೇಕು. ನೋಡಿಕೊಳ್ಳುವವರನ್ನೂ ಬೇರೆ ಕೋಣೆಯಲ್ಲಿ ಕೂರಿಸಿ ಅವರ ಮನಸ್ಸು ಹೇಗಿದೆ ಎಂದು ಕೇಳಬೇಕು, ಬೇಕಾದರೆ ಅವರಿಗೂ ಚಿಕಿತ್ಸೆ ಕೊಡಬೇಕು ಎಂದು ತೀರ್ಮಾನವಾಯಿತು. ಒಳ್ಳೆಯ ತೀರ್ಮಾನ. ಬೇರೆ ಜಿಲ್ಲೆಗಳ ಜಾಲಗಳೂ ಅದನ್ನು ತೆಗೆದುಕೊಂಡವು. ಎಷ್ಟೋ ಮನೆಗಳಲ್ಲಿ ಅದರಿಂದ ಉಪಕಾರವಾಯಿತು.

ಸಿಸ್ಟರ್ ಮೊದಲ ಸಲ ಹಾಗೆ ಮನೆಗೆ ಬಂದು ಮೂಗಿಯನ್ನು ಒಳಗೆ ಕೂರಿಸಿಕೊಂಡಾಗ ಮೂಗಿ ಎಲ್ಲವನ್ನೂ ಹೇಳಿಬಿಟ್ಟಳು. ಹೊಸ್ತಿಲಲ್ಲಿ ಕಾಲು ತಡೆದದ್ದು, ನಾಳೆ ಎಂದುಕೊಂಡದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು.

"ನೀವು ಮುಂಚೆಯೇ ನನಗೆ ಹೇಳಬಹುದಿತ್ತು, ಮನೆಯಲ್ಲಿ ಹೀಗೆ ನಡೀತಿದೆ ಅಂತ" ಎಂದಳು ಸಿಸ್ಟರ್.

"ನೀವು ಅವರ ಕಾಲು ಕೇಳಿದ್ರಿ, ಉಚ್ಚೆ ಕೇಳಿದ್ರಿ" ಎಂದಳು ಮೂಗಿ. "ನನ್ನ ಬಗ್ಗೆ ಏನಾದ್ರೂ ಕೇಳಿದ್ದು ನೆನಪಿದೆಯಾ?"

ಸಿಸ್ಟರ್ ಚೀಲ ಎತ್ತಿಕೊಂಡು ಎದ್ದಳು. ಡಾಕ್ಟರಿಗೆ ಹೇಳಲೇಬೇಕಾಗುತ್ತದೆ ಎಂದಷ್ಟೇ ಹೇಳಿ ಹೋದಳು. ಹೇಳಿದಳೋ ಇಲ್ಲವೋ, ಯಾರೂ ಮೂಗಿಯನ್ನು ಕರೆಸಿ ಕೇಳಲಿಲ್ಲ. ಮುದುಕಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಆ ಸಂಜೆ ಅವಳು ಗಂಡನಿಗೂ ಹೇಳಿದಳು. ಅವನು ಹೊಡೆಯಲಿ, ಕುತ್ತಿಗೆ ಹಿಡಿದು ಹೊರಗೆ ದಬ್ಬಲಿ ಎಂದು ತಯಾರಾಗಿಯೇ ಹೇಳಿದಳು. ಅವನು ಹೋಟೆಲಿಗೆ ಹೋಗಬೇಕಾದ ಹೊದಿಕೆಗಳ ಗಂಟು ಕಟ್ಟುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ನಂಗೂ ಗೊತ್ತಿತ್ತು" ಎಂದ.

"ಏನು ಗೊತ್ತಿತ್ತು?"

"ಅಮ್ಮನ ಕಾಲು. ನಿನಗಿಂತ ಮುಂಚೆನೇ ನೋಡಿದ್ದೆ, ವ್ಯಾನ್ ಹತ್ತೋವಾಗ. ಸಿಸ್ಟರ್ ನಂಬರ್ ನನ್ನ ಹತ್ರಾನೂ ಇತ್ತು."

"ಮತ್ತೆ ಯಾಕೆ?"

"ಮನೆ ತಣ್ಣಗಾಗ್ತಾ ಇತ್ತು" ಎಂದ ಅವನು. "ನೀನು ಮತ್ತೆ ಮಾತಾಡೋಕೆ ಶುರುಮಾಡಿದ್ದೆ."

ಗಂಟನ್ನು ಹೆಗಲಿಗೇರಿಸಿಕೊಂಡು ವ್ಯಾನಿನ ಕಡೆ ನಡೆದ. ಒಳಗೆ ಮುದುಕಿಗೆ ಊಟದ ಹೊತ್ತಾಗಿತ್ತು. ಮೂಗಿ ಎದ್ದು ಹೋಗಿ ಅನ್ನ ಕಲಸಿ, ಮೆತ್ತಗೆ ಹಿಸುಕಿ, ತಿನ್ನಿಸಿದಳು. ಅದಾದ ಮೇಲೆ ಗಂಡಹೆಂಡತಿ ಆ ವಿಷಯ ಎತ್ತಲಿಲ್ಲ. ಬೇರೆ ವಿಷಯವೂ ಹೆಚ್ಚು ಎತ್ತಲಿಲ್ಲ. ಇಸ್ತ್ರಿಯಮ್ಮ ಇನ್ನೂ ಬಹಳ ಕಾಲ ಬದುಕಿದಳು. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಬೀದಿಯವರು ಆ ದಂಪತಿಯನ್ನು ತಮ್ಮ ಮಕ್ಕಳಿಗೆ ತೋರಿಸಿ ಹೇಳುತ್ತಿದ್ದರು.